ಹಿಂದಿನ ಸೀಟಿನ ಎಡಮೂಲೆ

ತುಮಕೂರಿನ ಬಟವಾಡಿಯಲ್ಲಿ ನಾವು ಬಾಡಿಗೆಗಿದ್ದ ಬೀದಿ ಹೆದ್ದಾರಿಯನ್ನು ಸೇರುವ ಕಡೆ, ಪಂಕ್ಚರ್ ಅಂಗಡಿಗೂ ಹೂವಿನ ಗೂಡಂಗಡಿಗೂ ನಡುವೆ, ತಗಡಿನ ಮಾಡಿನ ಒಂದು ಕುಷನ್ ಅಂಗಡಿ ಇತ್ತು. ಅದರ ಮುಂದೆ ಯಾವಾಗಲೂ ನಾಲ್ಕು ಬಾಗಿಲನ್ನೂ ತೆರೆದುಕೊಂಡ ಒಂದು ಕಾರು ನಿಂತಿರುತ್ತಿತ್ತು. ಅದರ ಸೀಟುಗಳು ಹೊರಗೆ ಬಿಸಿಲಿನಲ್ಲಿ ಸ್ಪ್ರಿಂಗು, ಗೋಣಿ, ತೆಂಗಿನ ನಾರು ಎಲ್ಲವನ್ನೂ ತೋರಿಸಿಕೊಂಡು ಬಿದ್ದಿರುತ್ತಿದ್ದವು. ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬರುವಾಗ ನಾನು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅಂಗಡಿಯವರ ಹೆಸರು ಪುಟ್ಟರಂಗಯ್ಯ. ಗುಬ್ಬಿಯ ಕಡೆಯವರು. ಹರೆಯದಲ್ಲಿ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಕೆಲಸ ಕಲಿತು, ಅಂತರಸನಹಳ್ಳಿಯಲ್ಲಿ ಬಸ್ಸಿನ ಸೀಟು ಕಟ್ಟುವ ಒಂದು ವರ್ಕ್‌ಶಾಪಿನಲ್ಲಿ ದುಡಿದು, ಕೊನೆಗೆ ಸ್ವಂತ ಅಂಗಡಿ ಇಟ್ಟವರು.

ಅಂಗಡಿ ಎಂದರೆ ಅವರು ಮತ್ತು ಅವರ ಹೆಂಡತಿ ಹೊಂಬಾಳಮ್ಮ, ಇಬ್ಬರೇ. ರೆಕ್ಸಿನ್ ಕತ್ತರಿಸಿ ಹೊಲಿಗೆ ಯಂತ್ರದಲ್ಲಿ ಕವರು ಹೊಲಿಯುವುದು ಹೊಂಬಾಳಮ್ಮನ ಪಾಲು. ಸ್ಪ್ರಿಂಗಿನ ಮೇಲೆ ಗೋಣಿ ಬಿಗಿದು, ನಾರನ್ನು ಹಿಡಿಹಿಡಿಯಾಗಿ ತುಂಬಿ, ದಬ್ಬಣದಿಂದ ಹೊಲಿದು ಸೀಟಿಗೆ ಆಕಾರ ತರುವುದು ಪುಟ್ಟರಂಗಯ್ಯನವರ ಪಾಲು. ಕೆಲಸ ಮಾಡುವಾಗ ಅವರ ಬಾಯಲ್ಲಿ ಸಣ್ಣ ಮೊಳೆಗಳಿರುತ್ತಿದ್ದವು. ಹಾಗಾಗಿ ತುಟಿಯ ಒಂದು ಮೂಲೆಯಿಂದ ಮಾತ್ರ ಮಾತನಾಡುವುದು ಅವರಿಗೆ ರೂಢಿಯಾಗಿ, ಮೊಳೆ ಇಲ್ಲದಾಗಲೂ ಹಾಗೆಯೇ ಮಾತನಾಡುತ್ತಿದ್ದರು.

ಹಳೆಯ ಸೀಟನ್ನು ಬಿಚ್ಚುವ ಮೊದಲು ಅವರದೊಂದು ಕ್ರಮವಿತ್ತು. ಆ ಕಾರಿನಲ್ಲಿ ದಿನವೂ ಕೂರುವವರನ್ನು ಅವರವರ ಜಾಗದಲ್ಲಿ ಕೂರಿಸುವುದು. ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು. ಭಾರ ಎಲ್ಲಿ ಬೀಳುತ್ತದೆ ಎಂದು ನೋಡಿ ಅಲ್ಲಲ್ಲಿ ಗುರುತು ಹಾಕುವುದು. ಬಂದವರು ಮೊದಮೊದಲು ಬಿಗಿಯಾಗಿ ಕೂರುತ್ತಿದ್ದರು.

"ಫೋಟೋಗೆ ಕೂತಂಗೆ ಕೂತಿದೀರಲ್ಲ ಸಾರ್. ಮದ್ವೆ ಊಟ ಮುಗಿಸ್ಕೊಂಡು ಊರಿಗೆ ವಾಪಸ್ ಹೋಗೋವಾಗ ಹೆಂಗೆ ಕೂರ್ತೀರೋ ಹಂಗೆ ಕೂರಿ" ಎನ್ನುತ್ತಿದ್ದರು ಪುಟ್ಟರಂಗಯ್ಯ.

"ಸೀಟು ಹೊಲ್ಕೊಡಯ್ಯ ಅಂದ್ರೆ ಜಾತಕ ಕೇಳ್ತದೆ ಈವಯ್ಯ" ಎಂದು ಯಂತ್ರದ ಹಿಂದಿನಿಂದ ಹೊಂಬಾಳಮ್ಮನ ಮಾತು ಬರುತ್ತಿತ್ತು.

ಜನ ನಗುತ್ತಿದ್ದರು. ನಕ್ಕಾಗ ಮೈ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಇವರು ಗೆರೆ ಎಳೆದು ಮುಗಿಸಿರುತ್ತಿದ್ದರು.

ಅವರ ಗಿರಾಕಿಗಳಲ್ಲಿ ಎಲ್ಲರಿಗಿಂತ ಹಳಬರು ಗುಬ್ಬಿಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರು. ಕೆನೆಬಣ್ಣದ ಅಂಬಾಸಿಡರ್ ಇಟ್ಟಿದ್ದರು. ಪ್ರಾಯದಲ್ಲಿ ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದು ಅವರ ಎಡ ಸೊಂಟ ಮುರಿದಿತ್ತು. ಮೂಳೆ ಕೂಡಿಕೊಂಡಾಗ ಎಡಗಾಲು ಗಿಡ್ಡವಾಯಿತು, ಸೊಂಟ ಪೂರ್ತಿ ಬಾಗದಾಯಿತು. ಎಲ್ಲಿ ಕೂತರೂ ಎಡಕ್ಕೆ ವಾಲುತ್ತಿದ್ದರು. ಪುಟ್ಟರಂಗಯ್ಯನವರು ಅವರ ಕಾರಿನ ಹಿಂದಿನ ಸೀಟಿನ ಎಡಮೂಲೆಯನ್ನು ಬಾಗಿಲ ಕಡೆ ಎತ್ತರಿಸಿ, ಎಡತೊಡೆ ಬರುವ ಜಾಗದಲ್ಲಿ ಅಂಚನ್ನು ತಗ್ಗಿಸಿ, ಬೆನ್ನೊರಗಿನಲ್ಲಿ ಭುಜಕ್ಕೆ ಸ್ವಲ್ಪ ಗುಳಿ ಬಿಟ್ಟು ಕಟ್ಟಿಕೊಟ್ಟಿದ್ದರು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ರೆಕ್ಸಿನ್ ಹಳತಾದಾಗಲೆಲ್ಲ ಕಾರು ಬಟವಾಡಿಗೆ ಬರುವುದು, ಸಾಹುಕಾರರು ಮೂಲೆಯಲ್ಲಿ ಕೂರುವುದು, ಗೆರೆ ಎಳೆಯುವುದು, ಮತ್ತೆ ಅದೇ ಆಕಾರ ಮೂಡುವುದು. ಹೀಗೆ ಇಪ್ಪತ್ತು ವರ್ಷದ ಮೇಲೆ ನಡೆಯಿತು.

ಒಮ್ಮೆ ನಾನು ಅಲ್ಲಿದ್ದಾಗಲೇ ಸಾಹುಕಾರರು ಹೊಸ ಸೀಟಿನ ಮೇಲೆ ಕೂತು, ಎರಡು ಕೈಯನ್ನೂ ಅಗಲಿಸಿ ತೋರಿಸಿದರು.

"ಏನ್ಲಾ ರಂಗ, ಭೂಮಿ ಮೇಲೆಲ್ಲ ನಾನು ಕುಂಟ ಕಣೋ. ನಿನ್ ಸೀಟ್ ಮೇಲೆ ಮಾತ್ರ ನೆಟ್ಟಗಿದೀನಿ ನೋಡು."

"ಹಂಗಾದ್ರೆ ಇಳೀಲೇ ಬೇಡಿ ಸಾವ್ಕಾರ್ರೆ, ಅಲ್ಲೇ ಇದ್ದುಬುಡಿ" ಎಂದರು ಪುಟ್ಟರಂಗಯ್ಯ.

ಎಲ್ಲರೂ ನಕ್ಕೆವು. ಆ ಮಾತು ಮುಂದೆ ಪುಟ್ಟರಂಗಯ್ಯನವರ ಎದೆಯಲ್ಲಿ ಮುಳ್ಳಾಗಿ ಉಳಿಯಬಹುದೆಂದು ಅಂದು ಯಾರಿಗೆ ಗೊತ್ತಿತ್ತು?

ಸದಾಶಿವಯ್ಯನವರು ತೀರಿಕೊಂಡದ್ದು ೧೯೯೬ರ ಶ್ರಾವಣದಲ್ಲಿ. ಸುದ್ದಿ ತಿಳಿದೊಡನೆ ಪುಟ್ಟರಂಗಯ್ಯನವರು ಗುಬ್ಬಿಗೆ ಹೋದರು. ಸಾಹುಕಾರರ ಜನ ಲಿಂಗಾಯತರು, ಅವರಲ್ಲಿ ಶರೀರವನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹೂವಿನ ಮಂಟಪದಲ್ಲಿ ಕೂತಂತೆಯೇ ಒಯ್ದು, ಕೂತಂತೆಯೇ ಸಮಾಧಿ ಮಾಡುತ್ತಾರೆ. ಆದರೆ ಸಾಹುಕಾರರ ಶರೀರ ಮಂಟಪದಲ್ಲಿ ಕೂರುತ್ತಿರಲಿಲ್ಲ. ಬಂಧುಗಳು ಎಷ್ಟು ಸಲ ನೆಟ್ಟಗೆ ಮಾಡಿದರೂ ಎಡಕ್ಕೆ ವಾಲಿ ವಾಲಿ ಬರುತ್ತಿತ್ತು. ಹಣೆಗೆ ಬಟ್ಟೆ ಕಟ್ಟಿದರೆ ಕತ್ತು ಮಾತ್ರ ನಿಂತು ಮೈ ಜಾರುತ್ತಿತ್ತು. ನೋಡುತ್ತ ನಿಂತಿದ್ದ ಪುಟ್ಟರಂಗಯ್ಯನವರು ಯಾರನ್ನೂ ಕೇಳದೆ ಹಿತ್ತಲಿಗೆ ಹೋಗಿ, ಒಂದು ಗೋಣಿಚೀಲದ ತುಂಡಿಗೆ ತೆಂಗಿನ ನಾರು ತುಂಬಿ ಮಡಚಿ, ಬಂದು ಮೊಣಕಾಲೂರಿ ಅವರ ಎಡ ಸೊಂಟದ ಕೆಳಗೆ ಇಟ್ಟರು. ಶರೀರ ನೆಟ್ಟಗಾಯಿತು. ಸಾಹುಕಾರರ ಹೆಂಡತಿ ಶಕುಂತಲಮ್ಮ ತಲೆ ಎತ್ತಿ ಇವರನ್ನು ನೋಡಿದರಂತೆ. ಆ ಮೆತ್ತೆ ಅವರೊಡನೆಯೇ ಮಣ್ಣಿಗೆ ಹೋಯಿತು.

ಇದನ್ನೆಲ್ಲ ಪುಟ್ಟರಂಗಯ್ಯನವರು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಹೇಳಲೇಬೇಕಾಗಿ ಬಂದಾಗ.

ಮರುವರ್ಷ ಸದಾಶಿವಯ್ಯನವರ ಮಗ ಬಸವಪ್ರಭು ಕಾರನ್ನು ಮಾರುವುದೆಂದು ಮಾಡಿದ. ಮನೆಯಲ್ಲಿ ಅದನ್ನು ಓಡಿಸುವವರಿರಲಿಲ್ಲ. ಕುಣಿಗಲ್ಲಿನ ಹನುಮಂತರಾಜು ಎಂಬ ಡ್ರೈವರು ಟ್ಯಾಕ್ಸಿಗೆಂದು ಕೊಳ್ಳಲು ಒಪ್ಪಿದ. ಸೀಟು ಹೊಸದಾಗಿ ಮಾಡಿಸಿಕೊಟ್ಟರೆ ಮಾತ್ರ ಎಂದ. ಹಾಗೆ ಆ ಕೆನೆಬಣ್ಣದ ಕಾರು ಮತ್ತೊಮ್ಮೆ ಬಟವಾಡಿಗೆ ಬಂತು. ಆದರೆ ಈ ಸಲ ಅಳತೆಗೆ ಕೂರುವವರು ಯಾರೂ ಬರಲಿಲ್ಲ. "ಯಾರ್ಯಾರೋ ಕೂರೋ ಕಾರು, ಸುಮ್ನೆ ಒಂದ್ ಸಮ ಮಾಡಿ ಕೊಡಿ" ಎಂದು ಬಸವಪ್ರಭು ಹೇಳಿ ಹೋಗಿದ್ದ.

ಪುಟ್ಟರಂಗಯ್ಯನವರು ಕೆಲಸಕ್ಕೆ ಕೂತರು. ನಾನು ಆ ವಾರವೆಲ್ಲ ಪರೀಕ್ಷೆಯ ಮೌಲ್ಯಮಾಪನದಲ್ಲಿದ್ದುದರಿಂದ ಅತ್ತ ಹೋಗಲಿಲ್ಲ. ಹೊಂಬಾಳಮ್ಮ ಮಾತ್ರ ನನ್ನ ಹೆಂಡತಿಯ ಹತ್ತಿರ ಬಂದು ಒಂದು ಮಾತು ಹೇಳಿದ್ದಳು: "ಅಕ್ಕಾ, ನಮ್ಮೆಜಮಾನ್ರು ಸೀಟಿನ ಜೊತೆ ಮಾತಾಡ್ತಾವ್ರೆ. 'ವಸಿ ಆತ್ಕೊಳಿ ಸಾವ್ಕಾರ್ರೆ' ಅಂದ್ರು. ನಾನು ಮಿಷಿನ್ ನಿಲ್ಸಿ ಕೇಳುಸ್ಕೊಂಡೆ. ಹಾಡುಹಗಲಲ್ಲೇ ಮೈ ಜುಂ ಅಂತು."

ನೀಲಿ ರೆಕ್ಸಿನ್ ಹೊದ್ದು ಕಾರು ಕುಣಿಗಲ್ಲಿಗೆ ಹೋಯಿತು. ಹನುಮಂತರಾಜು ಅದನ್ನು ಕುಣಿಗಲ್ಲಿನಿಂದ ಅಮೃತೂರಿಗೆ ಶೇರ್ ಲೆಕ್ಕದಲ್ಲಿ ಓಡಿಸತೊಡಗಿದ. ನಡುನಡುವೆ ಮದುವೆ, ಆಸ್ಪತ್ರೆ ಎಂದು ಬಾಡಿಗೆ. ಅವನಿಗೆ ಬೇರೆ ಆಧಾರವಿರಲಿಲ್ಲ. ಇದ್ದ ತುಂಡು ಹೊಲವನ್ನು ತಮ್ಮನಿಗೆ ಬಿಟ್ಟು ಈ ಕಾರನ್ನೇ ನಂಬಿದ್ದ.

ಎರಡು ತಿಂಗಳಾಗುವುದರೊಳಗೆ ಒಂದು ಸಂಜೆ ಅವನು ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿದ. ನಾನೂ ಅಲ್ಲಿದ್ದೆ. ಮೂವತ್ತರ ಆಸುಪಾಸಿನ ದಷ್ಟಪುಷ್ಟ ಆಳು. ಮುಖ ಮಾತ್ರ ಇಳಿದುಹೋಗಿತ್ತು.

"ರಂಗಣ್ಣ, ಒಂದ್ ಮಾತು ನಿಜ ಹೇಳ್ಬುಡು. ಆ ಸಾವ್ಕಾರ್ರು ಈ ಕಾರಲ್ಲೇ ಸತ್ರಾ?"

"ಇಲ್ಲಪ್ಪ. ಮನೇಲಿ, ಮಂಚದ ಮೇಲೆ. ಯಾಕೆ?"

"ಯಾಕೆ ಅಂದ್ರೆ ಏನ್ ಹೇಳ್ಳಿ. ಹಿಂದ್ಗಡೆ ಎಡಗಡೆ ಮೂಲೇಲಿ ಯಾರೂ ಕೂರ್ತಿಲ್ಲ. ಕೂತವ್ರು ನಾಕ್ ಮೈಲಿ ಹೋಗೋದ್ರೊಳ್ಗೆ ಜಾಗ ಬದಲಾಯಿಸ್ತಾರೆ. ಬಾಗ್ಲ ಕಡೆಯಿಂದ ಯಾರೋ ಒತ್ತುದಂಗೆ ಆಗ್ತದಂತೆ. ಎಲೆ ಮಾರೋ ಓಬಳಮ್ಮ ಇಲ್ವ, ಅಮೃತೂರಿನೋಳು, ಮೊನ್ನೆ ಎಲೆ ಪುಟ್ಟಿ ತಗೊಂಡು ಕೂತ್ಲು. ಅರ್ಧ ದಾರೀಲಿ ನಿಲ್ಸಪ್ಪ ನಿಲ್ಸಪ್ಪ ಅಂದ್ಲು. ಯಾಕಜ್ಜಿ ಅಂದ್ರೆ, 'ಇಲ್ಲಿ ಮೊದ್ಲೇ ಒಬ್ರು ಕುಂತವ್ರೆ ಕಣಪ್ಪ, ನಾನು ಅವ್ರ ತೊಡೆ ಮೇಲೆ ಕುಂತಂಗಾಯ್ತು' ಅಂತ ಇಳ್ದು ನಡ್ಕೊಂಡೇ ಹೋದ್ಲು. ಈಗ ಸ್ಟ್ಯಾಂಡ್‌ನಲ್ಲಿ ನನ್ ಕಾರ್ಗೆ ಏನ್ ಹೆಸ್ರು ಗೊತ್ತಾ? ಸಾವ್ಕಾರ್ರ ಕಾರು. ಮದುವೆ ಬಾಡಿಗೆ ಒಂದೂ ಬರ್ತಿಲ್ಲ. ಹೆಣ್ಣುಗಂಡು ಕೂರ್ಸಕ್ಕೆ ಯಾರು ಕರೀತಾರೆ ಹೇಳು?"

ಪುಟ್ಟರಂಗಯ್ಯನವರು ಬಾಯಿಯ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗಿದು ಡಬ್ಬಿಗೆ ಹಾಕಿ, ಎದ್ದುಹೋಗಿ ಎಡಗಡೆಯ ಬಾಗಿಲು ತೆರೆದು ಆ ಮೂಲೆಯಲ್ಲಿ ಕೂತರು. ಕಣ್ಣು ಮುಚ್ಚಿದರು. ಅವರ ಮೈ ನಿಧಾನವಾಗಿ ಬಲಕ್ಕೆ ಸರಿಯಿತು. ಎಡಗಾಲು ತನ್ನಷ್ಟಕ್ಕೇ ಮುಂದಕ್ಕೆ ಜಾರಿತು. ಅವರು ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಇದು ಅವ್ರೇ" ಎಂದರು.

"ಅಯ್ಯೋ ಶಿವನೇ!" ಎಂದು ಹನುಮಂತರಾಜು ಎರಡು ಹೆಜ್ಜೆ ಹಿಂದೆ ಹೋದ.

"ದೆವ್ವ ಅಲ್ಲ ಕಣಪ್ಪ. ನಾನೇ ಕಟ್ಟಿದೀನಿ. ಒಂದ್ ಸಮ ಕಟ್ಟಿದೆ ಅಂತಲೇ ತಿಳ್ಕಂಡಿದ್ದೆ. ನನ್ ಕೈ ಅವ್ರನ್ನೇ ಕಟ್ಟಿಬುಟ್ಟದೆ."

ಬಾಗಿಲ ಕಡೆಯ ಎತ್ತರ, ತೊಡೆಯ ತಗ್ಗು, ಭುಜದ ಗುಳಿ ಎಲ್ಲವೂ ಇದ್ದವು. ಕುಂಟನನ್ನು ನೆಟ್ಟಗೆ ಕೂರಿಸುವ ಸೀಟು ನೆಟ್ಟಗಿದ್ದವರನ್ನು ವಾಲಿಸುತ್ತಿತ್ತು. ಹನುಮಂತರಾಜುವಿಗೆ ಇದನ್ನು ಬಿಡಿಸಿ ಹೇಳಿದಾಗ ಅವನ ಉಸಿರು ಸ್ವಲ್ಪ ಕೆಳಗಿಳಿಯಿತು. "ಅಷ್ಟೇನಾ? ಬಿಚ್ಚಿ ಸರಿ ಮಾಡ್ಕೊಡಣ್ಣ ಹಂಗಾದ್ರೆ" ಎಂದ.

ಮರುದಿನವೇ ಪುಟ್ಟರಂಗಯ್ಯನವರು ಆ ಮೂಲೆಯನ್ನು ಬಿಚ್ಚಿದರು. ನಾರನ್ನೆಲ್ಲ ಹೊರತೆಗೆದು, ಬಿಡಿಸಿ, ಮತ್ತೆ ತುಂಬಿದರು. ಹನುಮಂತರಾಜು ಅಂಗಡಿಯಲ್ಲೇ ಬೀಡಿ ಸೇದುತ್ತ ಕಾದಿದ್ದ. ಸಂಜೆ ನಾನು ಹೋದಾಗ ಸೀಟು ಸಿದ್ಧವಾಗಿತ್ತು. ಪುಟ್ಟರಂಗಯ್ಯನವರು ನನ್ನನ್ನು ಕೂರಲು ಹೇಳಿದರು. ಕೂತೆ. ಬಾಗಿಲ ಕಡೆಯಿಂದ, ಬಹಳ ಮೆಲ್ಲಗೆ, ತುಂಬಿದ ಬಸ್ಸಿನಲ್ಲಿ ಸೌಜನ್ಯವಂತರೊಬ್ಬರು ಸ್ವಲ್ಪ ಸರಿಯಿರಿ ಎಂದು ಒತ್ತುವಂತೆ, ಒತ್ತಿದಂತಾಯಿತು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಅವರು ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡರು.

ಹೊಂಬಾಳಮ್ಮ ಹೆದರಿ ಯಂತ್ರದ ಮೇಲೆ ಬಟ್ಟೆ ಮುಚ್ಚಿದಳು. "ಇನ್ನು ಆ ಕಾರು ಮುಟ್ಬೇಡ ನೀನು. ಬೇರೆ ಅಂಗ್ಡಿಗೆ ಹೋಗ್ಲಿ."

"ಬೇರೆ ಅಂಗ್ಡಿಯೋನು ಬಿಚ್ಚಿ ಬಿಸಾಕ್ತಾನೆ ಕಣೇ."

"ಬಿಸಾಕ್ಲಿ ಬುಡು!"

ಪುಟ್ಟರಂಗಯ್ಯನವರು ಅದಕ್ಕೆ ಒಪ್ಪಲಿಲ್ಲ. ಅಳತೆಗೆ ಯಾರಾದರೂ ಕೂತರೆ ಕೈ ದಾರಿಗೆ ಬರಬಹುದು ಎಂದು ನಾನು ಹೇಳಿದೆ. ಹನುಮಂತರಾಜು ಕೈಮುಗಿದ: "ನಾನ್ ಮಾತ್ರ ಅಲ್ಲಿ ಕೂರಲ್ಲ. ನಂಗೆ ಮಕ್ಳವೆ." ನಾನೇ ಮತ್ತೆ ಕೂತೆ. ಪುಟ್ಟರಂಗಯ್ಯನವರು ಸೀಮೆಸುಣ್ಣ ಹಿಡಿದು ಬಂದು ನನ್ನ ಪಕ್ಕದಲ್ಲಿ ಬಗ್ಗಿದರು. ಗೆರೆ ಎಳೆಯಲಿಲ್ಲ. ಎಷ್ಟೋ ಹೊತ್ತು ಹಾಗೆಯೇ ಬಗ್ಗಿದ್ದು, ಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಮಂಟಪದ ಸಂಗತಿಯನ್ನೂ ನಾರಿನ ಮೆತ್ತೆಯ ಸಂಗತಿಯನ್ನೂ ನನಗೆ ಹೇಳಿದ್ದು ಆಗ.

"ನಿಮ್ಮನ್ನ ಕೂರಿಸ್ಬೇಕು ಅಂದ್ರೆ ಅವ್ರನ್ನ ಎಬ್ಬಿಸ್ಬೇಕು ಮೇಷ್ಟ್ರೇ. ಇಳೀಲೇ ಬೇಡಿ, ಅಲ್ಲೇ ಇದ್ದುಬುಡಿ ಅಂತ ನಾನೇ ಅಂದಿದ್ದೆ. ನೀವೂ ಕೇಳಿದ್ರಿ. ಈಗ ಎದ್ದೇಳಿ ಅನ್ನಕ್ಕೆ ನಾನ್ಯಾರು?"

"ಹಾಗಾದರೆ ಹೇಳುವವರು ಯಾರು?" ಎಂದೆ.

ಹೊಂಬಾಳಮ್ಮನೇ ಹೇಳಿದಳು: "ಇನ್ಯಾರು? ಸಾವ್ಕಾರ್ರ ಮನೆ ಅಮ್ಮಾವ್ರು. ಹೋಗಿ ಕೇಳ್ಕೊಂಡ್ ಬನ್ನಿ. ಅವ್ರು ಬಿಚ್ಚೋದ್ ಬ್ಯಾಡ ಅಂದ್ರೆ ಆ ಕಾರು ಅವ್ರ ಮನೆ ಮುಂದೇನೇ ಇರ್ಲಿ."

ಇದನ್ನು ಕೇಳಿ ಹನುಮಂತರಾಜು ಬೆಚ್ಚಿದ. ಕಾರು ಅಲ್ಲೇ ಉಳಿದರೆ ಅವನ ಹೊಟ್ಟೆಪಾಡೇನು? ಆದರೆ ಇದ್ದಂತೆ ಇಟ್ಟುಕೊಂಡರೂ ಅವನಿಗೆ ಗತಿಯಿರಲಿಲ್ಲ. "ಏನಾದ್ರೂ ಆಗ್ಲಿ, ನಡೀರಿ" ಎಂದ.

ಭಾನುವಾರ ಬೆಳಗ್ಗೆ ಹೊರಟೆವು. ದಬ್ಬಣ, ದಾರ, ಮೊಳೆಡಬ್ಬಿ, ಒಂದು ಮೂಟೆ ಹೊಸ ನಾರು ಡಿಕ್ಕಿಯಲ್ಲಿ. ಆ ಹಳೆಯ ಅಂಬಾಸಿಡರಿಗೆ ಮುಂದೆಯೂ ಉದ್ದನೆಯ ಒಂದೇ ಸೀಟು. ಹನುಮಂತರಾಜು, ಪುಟ್ಟರಂಗಯ್ಯ, ನಾನು ಮೂವರೂ ಭುಜಕ್ಕೆ ಭುಜ ತಾಗಿಸಿಕೊಂಡು ಮುಂದೆಯೇ ಕೂತೆವು. ಹಿಂದೆ ಪೂರ್ತಿ ಖಾಲಿ. ಮೂರು ಜನ ದೊಡ್ಡವರು ಹಾಗೆ ಒತ್ತಿಕೊಂಡು ಹೋಗುವುದು ಎಷ್ಟು ನಗೆಗೇಡು ಎಂದು ನನಗೆ ಅನ್ನಿಸುತ್ತಲೇ ಇತ್ತು. ಆದರೆ ಹಿಂದೆ ಹೋಗಿ ಕೂರುತ್ತೇನೆ ಎನ್ನುವ ಮನಸ್ಸು ನನಗೂ ಬರಲಿಲ್ಲ. ಕನ್ನಡಿಯನ್ನು ಹನುಮಂತರಾಜು ಮೇಲಕ್ಕೆ ತಿರುಗಿಸಿಬಿಟ್ಟಿದ್ದ.

ಗುಬ್ಬಿಯ ಮಂಡಿ ಬೀದಿಯಲ್ಲಿ ಕಾರು ನಿಧಾನವಾದಾಗ, ಕೊಬ್ಬರಿ ಮೂಟೆ ಇಳಿಸುತ್ತಿದ್ದ ಕಾಳಯ್ಯ ಎಂಬ ಮುದುಕ ಹಮಾಲಿ ತಲೆಯ ಮೇಲಿನ ಸಿಂಬಿಯನ್ನು ಕೈಗೆ ತೆಗೆದುಕೊಂಡು, ಹಿಂದಿನ ಎಡಗಿಟಕಿಯ ಕಡೆ ನೋಡಿ ನಮಸ್ಕಾರ ಮಾಡಿದ. ಮಾಡಿದ ಮೇಲೆ ಅವನಿಗೆ ನೆನಪಾಗಿರಬೇಕು. ಎತ್ತಿದ ಕೈ ಹಾಗೆಯೇ ನಿಂತಿತು.

ಮನೆಯ ಮುಂದೆ ಕಾರಿನ ಸದ್ದು ಕೇಳಿ ಶಕುಂತಲಮ್ಮನವರೇ ಹೊರಗೆ ಬಂದರು. ಸಣ್ಣ ಆಳು. ಹಣೆಯಲ್ಲಿ ವಿಭೂತಿ, ಬಿಳಿಯ ಸೀರೆ. ಆ ಸದ್ದಿಗೆ ಅವರು ಬಂದ ವೇಗ ನೋಡಿದರೆ, ಅವರಿಗೂ ಆ ಕ್ಷಣ ಮರೆವು ಬಂದಿತ್ತೆಂದೇ ತೋರುತ್ತದೆ. ನಮ್ಮನ್ನು ನೋಡಿ ಮೆಟ್ಟಿಲ ಮೇಲೆ ನಿಂತರು.

"ಏನ್ ರಂಗಯ್ಯ, ಕಾರ್ ತಂದಿದೀಯ?"

ಪುಟ್ಟರಂಗಯ್ಯನವರು ಚಪ್ಪಲಿ ಬಿಟ್ಟು ಮುಂದೆ ಹೋಗಿ, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದರು. ಓಬಳಮ್ಮನ ಮಾತನ್ನೂ ಹೇಳಿದರು. ಬಿಚ್ಚಿ ಕಟ್ಟಿದರೂ ಅದೇ ಬಂದದ್ದನ್ನು ಹೇಳಿದರು. "ನನ್ ಕೈ ಅವ್ರನ್ನ ಬಿಡ್ತಿಲ್ಲ ಅಮ್ಮಾವ್ರೆ. ಬಿಡ್ಸೋಕೆ ನಂಗೆ ಹಕ್ಕಿಲ್ಲ" ಎಂದರು.

ಶಕುಂತಲಮ್ಮನವರು ಕೇಳಿದ್ದು ಒಂದೇ ಪ್ರಶ್ನೆ: "ಈಗ್ಲೂ ಎಡಗಡೆ ಎತ್ತರ ಇದೆಯಾ?"

"ಇದೆ ಅಮ್ಮಾವ್ರೆ."

ಅವರು ಕೆಳಗಿಳಿದು ಬಂದು, ಕಾರನ್ನು ಸುತ್ತು ಹಾಕಿ, ಬಲಗಡೆಯ ಹಿಂಬಾಗಿಲು ತೆರೆದು ಒಳಗೆ ಕೂತರು. ಅದು ಅವರ ಜಾಗ. ನಾವು ಮೂವರೂ ಅಂಗಳದಲ್ಲಿ ದೂರ ನಿಂತೆವು. ಗಾಜಿನೊಳಗಿಂದ ಅವರ ತಲೆ ಮಾತ್ರ ಕಾಣುತ್ತಿತ್ತು. ಅದು ಎಡಕ್ಕೆ ತಿರುಗಿ, ಸ್ವಲ್ಪ ಮೇಲಕ್ಕೆ ನೋಡುತ್ತಿತ್ತು. ತಮಗಿಂತ ಎತ್ತರವಾದವರ ಮುಖವನ್ನು ನೋಡುವ ಹಾಗೆ. ಆಮೇಲೆ ಅವರ ಎಡಗೈ ಆ ಮೂಲೆಯ ಮೇಲೆ ಇಳಿಯಿತು. ಅಟ್ಟದ ಸಂದಿಯಲ್ಲಿ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಹನುಮಂತರಾಜು ಬೀಡಿ ತೆಗೆದವನು ಹಚ್ಚಲಿಲ್ಲ.

ಬಹಳ ಹೊತ್ತಿನ ಮೇಲೆ ಅವರು ಒಳಗಿನಿಂದಲೇ ಕರೆದರು. "ರಂಗಯ್ಯ, ಇಲ್ಲಿ ಬಾ."

ಪುಟ್ಟರಂಗಯ್ಯನವರು ಎಡಗಡೆಯ ಬಾಗಿಲ ಬಳಿ ಹೋಗಿ ನಿಂತರು.

"ಮನೇಲಿ, ಮಠದಲ್ಲಿ, ನೆಂಟರ ಮನೇಲಿ, ಎಲ್ಲಿ ಕೂತ್ರೂ ಅವ್ರು ಒಂದ್ ಕಡೆಗೆ ಬಾಗೋರು. ಈ ಕಾರ್ ಒಳಗೆ ಕೂತಾಗ ಮಾತ್ರ ಮದ್ವೆ ದಿನ ಹೆಂಗಿದ್ರೋ ಹಂಗೇ ಕಾಣೋರು. ಅದಕ್ಕೇ ನಾನು ಎಲ್ಲಿಗ್ ಹೊರಟ್ರೂ ಜೊತೇಗೆ ಹೊರಡ್ತಿದ್ದೆ. ನಿಂಗೊತ್ತಾ?"

"ಗೊತ್ತಿರ್ಲಿಲ್ಲ ಅಮ್ಮಾವ್ರೆ."

"ಅವತ್ತು ಮಂಟಪದಲ್ಲಿ ಕೂರಿಸಿದಾಗ ಅವ್ರು ಬಾಗ್ಬಾಗಿ ಬರ್ತಿದ್ದಿದ್ದು ನೋಡಿ, ನಂಗೆ ಸಾವಿಗಿಂತ ಅದೇ ಸಂಕಟ ಆಗಿತ್ತು. ಹಿಂಗೇ ಮಣ್ಣಿಗ್ ಹೋಗ್ತಾರಲ್ಲ ಅಂತ. ನೀನ್ ಬಂದು ಕೈ ಹಾಕ್ದೆ. ಆ ಮೆತ್ತೆ ಅವ್ರ ಜೊತೇಲೇ ಹೋಯ್ತು, ನಾನೇ ತೆಗೀಬೇಡಿ ಅಂದೆ. ಅಲ್ಲಿ ನೆಟ್ಟಗೆ ಕೂತವ್ರೆ ಕಣೋ. ಇಲ್ಲಿ ಇನ್ಯಾಕೆ ಅವ್ರನ್ನ ಇಟ್ಕೊಂಡಿದೀಯ?"

ಪುಟ್ಟರಂಗಯ್ಯನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಆದ್ರೂ ಅಮ್ಮಾವ್ರೆ, ಈ ಮೂಲೇನ ಯಾರಿಗೂ ಅಲ್ದಂಗೆ ಕಟ್ಟಾಕೆ ನಂಗ್ ಬರ್ತಿಲ್ಲ. ಯಾರಾದ್ರೂ ಒಬ್ರು ಬೇಕು."

ಶಕುಂತಲಮ್ಮನವರು ಸ್ವಲ್ಪ ಯೋಚಿಸಿದರು. ಆಮೇಲೆ ಸೀರೆಯ ಸೆರಗು ಸುತ್ತಿಕೊಂಡು, ಸೀಟಿನ ಮೇಲೆಯೇ ಕೈಯೂರಿ ಮೆಲ್ಲಗೆ ಎಡಕ್ಕೆ ಸರಿದು, ಆ ಮೂಲೆಯಲ್ಲಿ ಕೂತರು. ಕೂತೊಡನೆ ಬಲಕ್ಕೆ ವಾಲಿದರು. ಯಾರೂ ನಿರೀಕ್ಷಿಸದಂತೆ ಅವರಿಗೆ ನಗು ಬಂತು.

"ಅಯ್ಯಯ್ಯೋ, ನೂಕ್ತಾ ಇದಾರಲ್ಲೋ! ಬದುಕಿದ್ದಾಗ್ಲೂ ಹಿಂಗೇ, ಜಾಗ ಬಿಟ್ಟೋರಲ್ಲ." ನಗುತ್ತಿದ್ದಂತೆಯೇ ಕಣ್ಣಲ್ಲಿ ನೀರು ತುಂಬಿತು. "ಎಷ್ಟು ವರ್ಷ ಈ ಕಾರಲ್ಲಿ ತಿರುಗಿದೀನಿ, ಈ ಕಡೆಯಿಂದ ಊರು ಹೆಂಗ್ ಕಾಣುತ್ತೆ ಅಂತ ನೋಡೇ ಇಲ್ಲ. ತಗೋ, ಅಳತೆ ತಗೋ."

"ಆಯಾಸ ಆದಾಗ ಹೆಂಗ್ ಕೂರ್ತೀರೋ ಹಂಗೆ ಕೂರಿ ಅಮ್ಮಾವ್ರೆ" ಎಂದರು ಪುಟ್ಟರಂಗಯ್ಯ.

ಶಕುಂತಲಮ್ಮನವರು ಚಪ್ಪಲಿ ಬಿಟ್ಟು ಕಾಲನ್ನು ಮೇಲಕ್ಕೆ ಮಡಚಿಕೊಂಡರು. ಗಾಜಿಗೆ ತಲೆ ಆನಿಸಿದರು. ಕಣ್ಣು ಮುಚ್ಚಿದರು. ಪುಟ್ಟರಂಗಯ್ಯನವರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದುಕೊಂಡು, ಅವರ ಸೀರೆಯ ಅಂಚಿಗೂ ತಾಗದಂತೆ ಸುತ್ತಲೂ ಗೆರೆ ಎಳೆದರು. ನೀಲಿಯ ಮೇಲೆ ಬಿಳಿಯ ಗೆರೆ. ಹಳೆಯ ಅಳತೆಯ ಅರ್ಧದಷ್ಟೂ ಇರಲಿಲ್ಲ. ಎಳೆದು ಮುಗಿದ ಮೇಲೂ ಅವರು ಎಬ್ಬಿಸಲಿಲ್ಲ. ಅಮ್ಮನವರೇ ಎಚ್ಚರಗೊಂಡಂತೆ ಕಣ್ಣು ಬಿಟ್ಟು, ಎಡಗಡೆಯ ಬಾಗಿಲಿನಿಂದ ಇಳಿದರು.

ಅವರ ಮನೆಯ ಅಂಗಳದಲ್ಲಿಯೇ, ಕೊಬ್ಬರಿ ಸುಲಿಯುವ ಕಲ್ಲಿನ ಪಕ್ಕ ಕೂತು, ಪುಟ್ಟರಂಗಯ್ಯನವರು ಆ ಮೂಲೆಯನ್ನು ಬಿಚ್ಚಿದರು. ಹೊರಗೆ ಬಂದ ನಾರನ್ನು ಏನು ಮಾಡಲಿ ಎಂದು ಕೇಳಿದರು. ಅಮ್ಮನವರು ಅದನ್ನು ಮಂಕರಿಗೆ ತುಂಬಿಸಿ, ಹಿತ್ತಲ ತೆಂಗಿನ ಬುಡಕ್ಕೆ ಹರಡಿಸಿ, ತಾವೇ ಒಂದು ಕೊಡ ನೀರು ಹಾಕಿದರು. ಹೊಸ ನಾರು ಒಳಗೆ ಹೋಯಿತು. ಒಂದೊಂದು ಹಿಡಿ ತುಂಬಿದಾಗಲೂ ಪುಟ್ಟರಂಗಯ್ಯನವರು ಪಕ್ಕಕ್ಕೆ ಮಡಚಿದ್ದ ರೆಕ್ಸಿನ್ ಮೇಲಿನ ಸೀಮೆಸುಣ್ಣದ ಗೆರೆಯನ್ನು ನೋಡುತ್ತಿದ್ದರು. ಮಧ್ಯಾಹ್ನ ನಮಗೆಲ್ಲ ಅಲ್ಲೇ ಊಟ. ಹನುಮಂತರಾಜು ಮಾತ್ರ ತಟ್ಟೆಯಿಂದ ತಲೆ ಎತ್ತಿ ಎತ್ತಿ ಆ ಸೀಟನ್ನೇ ನೋಡುತ್ತಿದ್ದ. ಊಟವಾದ ಮೇಲೆ ಪುಟ್ಟರಂಗಯ್ಯನವರು ರೆಕ್ಸಿನ್ ಎಳೆದು ಮೊಳೆ ಬಿಗಿದರು.

ಹಿಂತಿರುಗುವಾಗ ಆ ಮೂಲೆಯಲ್ಲಿ ಕೂತವನು ನಾನು. ಯಾರೂ ಒತ್ತಲಿಲ್ಲ. ಊಟದ ಭಾರವೋ ಏನೋ, ಗುಬ್ಬಿ ದಾಟುವುದರೊಳಗೆ ನನಗೆ ನಿದ್ದೆ ಬಂತು. ಕಾಲು ತಾನಾಗಿ ಮಡಚಿಕೊಂಡಿತ್ತು, ತಲೆ ಗಾಜಿಗೆ ಆನಿಕೊಂಡಿತ್ತು. ಎಚ್ಚರವಾದಾಗ ಬಟವಾಡಿ ಬಂದಿತ್ತು. ಪುಟ್ಟರಂಗಯ್ಯನವರು ಮುಂದಿನ ಸೀಟಿನಿಂದ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದರು.

"ಏನ್ರೀ?" ಎಂದೆ.

"ಯಾರವ್ರೆ ಅಂತ ನೋಡ್ದೆ ಮೇಷ್ಟ್ರೇ. ನೀವೇ ಇದೀರಿ" ಎಂದರು.

ಹನುಮಂತರಾಜು ಕನ್ನಡಿಯನ್ನು ಕೆಳಕ್ಕೆ ತಿರುಗಿಸಿದ.

ಅವನ ಕಾರಿಗೆ ಜನ ಮತ್ತೆ ಹತ್ತಿದರು, ಮದುವೆಯ ಬಾಡಿಗೆಗಳೂ ಬಂದವು. ಆದರೆ ಎಡಮೂಲೆಯಲ್ಲಿ ಕೂತವರು ಅಮೃತೂರು ಬರುವುದರೊಳಗೆ ನಿದ್ದೆ ಹೋಗುತ್ತಾರೆ, ಇಳಿಯುವ ಜಾಗ ದಾಟಿ ಮುಂದೆ ಹೋಗಿ ತನ್ನ ಮೇಲೆ ಜಗಳಕ್ಕೆ ಬರುತ್ತಾರೆ ಎಂದು ಅವನದು ಹೊಸ ದೂರು. ಅದನ್ನು ಅವನು ನಗುತ್ತಲೇ ಹೇಳುತ್ತಿದ್ದ.

ಆ ದಿನದಿಂದ ಪುಟ್ಟರಂಗಯ್ಯನವರು ಎದುರಿಗೆ ಒಬ್ಬರನ್ನು ಕೂರಿಸದೆ ಯಾವ ಸೀಟಿಗೂ ಕೈ ಹಾಕಲಿಲ್ಲ. ಕಾರಿನವರು ಬಿಟ್ಟುಹೋದರೆ, ಟ್ಯಾಕ್ಸಿಯವರು ಯಾರಾದರೇನು ಎಂದರೆ, ಹೊಂಬಾಳಮ್ಮನನ್ನು ಯಂತ್ರದಿಂದ ಎಬ್ಬಿಸಿ ಕೂರಿಸುತ್ತಿದ್ದರು. "ನಂಗೆ ಹೊಲ್ಗೆ ಅವೆ, ಬಿಡಯ್ಯ" ಎಂದು ಗೊಣಗುತ್ತಲೇ ಆಕೆ ಕೂರುತ್ತಿದ್ದಳು. ಕೂತು, ಸೊಂಟಕ್ಕೆ ಕೈ ಕೊಟ್ಟು, ಒಂದು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗುತ್ತಿದ್ದಳು. ಅಷ್ಟರಲ್ಲಿ ಗೆರೆ ಮುಗಿದಿರುತ್ತಿತ್ತು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಎಷ್ಟೋ ಟ್ಯಾಕ್ಸಿಗಳ ಸೀಟುಗಳು ಹೀಗೆ ಆದವು. ಮುಂದೆ ಕಾರುಗಳ ಜಾತಿ ಬದಲಾಯಿತು, ಸಿದ್ಧ ಕವರುಗಳು ಬಂದವು. ಅಂಗಡಿಯ ಮುಂದೆ ಕಾರು ನಿಲ್ಲದ ದಿನಗಳೂ ಬಂದವು. ೨೦೦೬ರಲ್ಲಿ, ಕೆಲವು ದಿನದ ಜ್ವರದಲ್ಲಿ, ಪುಟ್ಟರಂಗಯ್ಯನವರು ತೀರಿಕೊಂಡರು.

ಅವರು ಹೋದ ಮರುವರ್ಷ ಒಂದು ಬೆಳಗ್ಗೆ ಹೊಂಬಾಳಮ್ಮ ನಮ್ಮ ಮನೆಗೆ ಬಂದಳು. ಹಿಂದಿನ ದಿನ ಕುಣಿಗಲ್ಲಿನಲ್ಲಿ ತಂಗಿಯ ಮನೆಗೆ ಹೋಗಿದ್ದಳಂತೆ. ಬರುವಾಗ ಬಸ್ಸು ಸಿಗದೆ, ಯಾವುದೋ ಹಳೆಯ ಟ್ಯಾಕ್ಸಿ ಹತ್ತಿದಳಂತೆ. ಯಾರದೆಂದು ತಿಳಿಯದು, ಡ್ರೈವರು ಹೊಸಬ. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ ಹೇಳಿದಳು:

"ಬೆನ್ ಕೊಟ್ಟೆ ನೋಡಿ ಮೇಷ್ಟ್ರೇ, ಸೊಂಟದತ್ರ ಅಂಗೈ ಆನಿಸ್ದಂಗಾಯ್ತು. ಇದ್ಯಾರಪ್ಪ ಅಂತ ತಿರುಗಿ ನೋಡ್ದೆ. ಯಾರೂ ಇಲ್ಲ. ಆಮೇಲೆ ಗೊತ್ತಾಯ್ತು. ಇದು ನನ್ ಅಳತೆ."

ತುಮಕೂರು ಬಂದಾಗ ಎಲ್ಲರೂ ಇಳಿದರಂತೆ. "ಅಜ್ಜೀ, ಇಳೀರಿ" ಎಂದು ಡ್ರೈವರು ಎರಡು ಸಲ ಕರೆದನಂತೆ. ಇವಳು, "ಇರಪ್ಪ ಒಂದ್ ಗಳಿಗೆ" ಎಂದು ಹೇಳಿ, ಕಣ್ಣು ಮುಚ್ಚಿಕೊಂಡು ಅಲ್ಲಿಯೇ ಕೂತಿದ್ದಳಂತೆ.